ಸೀಲುಗಳೆಲ್ಲ ಒಟ್ಟಿಗೆ ಹೋದ ಲಾರಿ

...ಅಲ್ಲ ಸೆಂಗೋಡಾ, ಬಾಗಿಲಲ್ಲೇ ನಿಂತರೆ ಹೇಗೆ? ಒಳಗೆ ಬಾ ಅಂದೆನಲ್ಲ. ಇಷ್ಟು ವರ್ಷ ಈ ಶೆಡ್ಡಿನಲ್ಲೇ ಉಂಡು ಮಲಗಿ ಎದ್ದವನು, ಇವತ್ತು ಹೆಣ್ಣು ನೋಡೋಕೆ ಬಂದವನ ಹಾಗೆ ನಿಂತಿದ್ದೀಯ. ಬಾ. ಚಪ್ಪಲಿ ಬಿಡಬೇಡ, ನೆಲವೆಲ್ಲ ಆಯಿಲ್, ಜಾರುತ್ತೆ. ...ಹಾಂ, ಹಾಗೆ. ಆ ಸ್ಟೂಲು ಎಳ್ಕೊ. ಬೇಡವಾ? ಸರಿ, ನಿಂತ್ಕೊ.

ಮಜ್ಜಿಗೆ ತರಿಸ್ಲಾ? ...ಅದೂ ಬೇಡ. ಆ ಕೈ ಕಟ್ಟು ಯಾವಾಗ ಬಿಚ್ತಾರಂತೆ? ...ಹೇಳಬೇಡ ಬಿಡು. ರಾಸಾತಿ ಹೇಳಿದಳು, ಮುಂಗೈ ಮೂಳೆ ಮುರಿದಿದೆ ಅಂತ. ನಿನ್ನ ಹೆಂಡತಿ ನನ್ನ ಹತ್ತಿರ ಇನ್ನೂ ಮಾತಾಡ್ತಾಳೆ, ನೋಡು. ನೀನೊಬ್ಬ ಬಾಯಿ ಹೊಲಿದುಕೊಂಡಿದ್ದೀಯ.

ಯಾಕೆ ಕರೆಸಿದೆ ಅಂತ ತಾನೇ ನಿನ್ನ ಯೋಚನೆ? ಹೇಳ್ತೀನಿ. ಸ್ವಲ್ಪ ಹೊತ್ತಿಗೆ ಕೊಳಂದೈಸಾಮಿ ಅಣ್ಣ ಬರ್ತಾರೆ, ಮೆಕ್ಯಾನಿಕ್ ಜಬ್ಬಾರ್ ಭಾಯಿನ ಕರ್ಕೊಂಡು. ಭಾಯಿ ಇಂಜಿನ್ ಬಿಚ್ಚಿ, ಯಾಕೆ ಜಾಮ್ ಆಯ್ತು ಅಂತ ಅವರ ಎದುರಿಗೇ ಹೇಳಬೇಕು. ಅಣ್ಣ ಬರೀ ನೆಂಟರಾಗಿ ಬರ್ತಿಲ್ಲ, ಲಾರಿ ಮಾಲೀಕರ ಸಂಘದ ಅಧ್ಯಕ್ಷರಾಗಿ ಬರ್ತಿದ್ದಾರೆ. ಇವತ್ತು ಭಾಯಿ ಬಾಯಲ್ಲಿ ಏನು ಬರುತ್ತೋ ಅದರ ಮೇಲೆ ನಿನ್ನ ವಿಷಯ ತೀರ್ಮಾನ. ನಿನ್ನ ಹೆಸರು ಸಂಘದ ಬೋರ್ಡಿನ ಮೇಲೆ ಬಿತ್ತೋ, ಸಂಗಗಿರಿಯಿಂದ ನಾಮಕ್ಕಲ್ ತನಕ ಒಬ್ಬನೂ ನಿನ್ನ ಕೈಗೆ ಸ್ಟೀರಿಂಗ್ ಕೊಡಲ್ಲ. ನಿನಗೇನು ಹೊಸದಾಗಿ ಹೇಳೋದು.

ಅದಕ್ಕೇ, ಅವರು ಬರೋಕೆ ಮುಂಚೆ ನಾವಿಬ್ಬರೂ ಒಂದು ಸಲ ಇಂಜಿನ್ ನೋಡಿಬಿಡೋಣ ಅಂತ. ಎಲ್ಲೆಲ್ಲಿ ಸೋರಿದೆ, ಏನೇನು ಮಾಡಿಸಬೇಕು ಅಂತ ನೀನೂ ನಾನೂ ಒಂದೇ ಮಾತು ಹೇಳಿದರೆ ಕೆಲಸ ಸುಲಭ. ನಾನು ಬೆಳಿಗ್ಗೆಯಿಂದ ಬರೆದಿಟ್ಟಿದ್ದೀನಿ. ನಗಬೇಡ! ಗೊತ್ತು ನಿನಗೆ, ನಾನು ಟೈರಿಗೆ ಗಾಳಿ ಹಾಕಿಸಿದ್ದೂ ಬರೆದಿಡೋಳು. ...ನಗಲಿಲ್ಲವಾ. ನೀನು ನಕ್ಕೆ ಅಂದ್ಕೊಂಡೆ.

ಇಲ್ಲಿ ಬಾ, ಈ ಕಡೆ. ಕ್ಯಾಬಿನ್ ಮುಂದಕ್ಕೆ ಬಗ್ಗಿಸಿಟ್ಟಿದ್ದೀವಿ, ತಲೆ ಜೋಪಾನ. ಮೊದಲು ನೀರು. ರೇಡಿಯೇಟರ್ ತುಂಬ ಇದೆ. ಪೈಪು ಒಣಗಿದೆ. ಆಯಿಲಿಗೆ ನೀರು ಸೇರಿದ್ದರೆ ಹಾಲು ಹಾಕಿದ ಕಾಫಿ ಹಾಗೆ ಆಗಿರಬೇಕಿತ್ತು, ಆಗಿಲ್ಲ. ಆಯಿಲ್ ಚೇಂಬರಿನ ತಳದಲ್ಲಿ ಉಳಿದಿದ್ದು ಒಂದು ಲೋಟ ಬಂತೋ ಇಲ್ಲವೋ, ಕಪ್ಪಗೇ ಇತ್ತು. ಹಾಗಾಗಿ ಹೆಡ್ ಗ್ಯಾಸ್ಕೆಟ್ ಸರಿಯಾಗಿದೆ. ಡೀಸೆಲ್ಲೂ ಎಲ್ಲೂ ಒಸರಿಲ್ಲ. ಸೋರಿದ್ದು ಆಯಿಲ್ ಒಂದೇ.

ಆಯಿಲ್ ಎಲ್ಲಿಂದ? ಕೆಳಗೆ ನೋಡಿದರೆ ಎಲ್ಲ ಕಡೆಯಿಂದಲೂ ಸೋರಿದ ಹಾಗೇ ಕಾಣುತ್ತೆ. ಆಯಿಲ್ ಕೆಳಕ್ಕೆ ಇಳಿಯುತ್ತೆ, ಓಡೋವಾಗ ಗಾಳಿ ಅದನ್ನ ಹಿಂದಕ್ಕೆ ಒಯ್ಯುತ್ತೆ. ಅದಕ್ಕೆ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಎಲ್ಲಿ ಒದ್ದೆ ಇದೆ ಅಂತ ಹುಡುಕಬೇಕು. ಇದು ನೀನೇ ನನ್ನ ಯಜಮಾನರಿಗೆ ಹೇಳ್ತಿದ್ದ ಮಾತು, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸ್ಕೋತಿದ್ದೆ. ಅವರು ಹೋದ ಮೇಲೆ ನಾಲ್ಕು ಲಾರಿ ನಾನೇ ನಡೆಸ್ತೀನಿ ಅಂದಾಗ ಊರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಳ್ತು. ನೀನೊಬ್ಬ, "ಅಮ್ಮಾ, ನಾಳೆ ಬೆಳಿಗ್ಗೆ ಯಾವ ಲೋಡು?" ಅಂತ ಕೇಳಿದೆ. ಅಷ್ಟೇ ಕೇಳಿದೆ.

...ಹೂಂ. ಎಲ್ಲಿ ತನಕ ಹೇಳಿದ್ದೆ?

ಇಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್. ಇಲ್ನೋಡು, ಸುತ್ತಲೂ ಒದ್ದೆ. ಗ್ಯಾಸ್ಕೆಟ್ ಹೊಸದು ಬೇಕು. ಮುಂದಿನ ಸೀಲು, ಪುಲ್ಲಿ ಹಿಂದೆ, ಅದೂ ಹೋಗಿದೆ. ಫ್ಯಾನಿನ ರೆಕ್ಕೆಗೆಲ್ಲ ಎರಚಿದೆ, ನೋಡು. ಹಿಂದಿನ ಸೀಲು ಹೋಗಿ ಕ್ಲಚ್ ಹೌಸಿಂಗ್ ತೂತಿನಿಂದ ಸುರಿದಿದೆ. ಚೇಂಬರ್ ಅಂಚಿನಲ್ಲೂ ಅಷ್ಟೆ. ಆಯಿಲ್ ಅಳೆಯೋ ಕಡ್ಡಿ ಎಗರಿ ಹೊರಗೆ ಬಿದ್ದಿತ್ತಂತೆ... ಅಂದ್ರೆ, ಲಾರಿ ಎಳ್ಕೊಂಡು ಬಂದವರು ಹೇಳಿದ್ದು.

ಏನು? ಏನೂ ಅನ್ನಲಿಲ್ಲವಾ? ಏನೋ ಅಂದ ಹಾಗಾಯ್ತು.

ಸರಿ, ಮಾಡಿಸಬೇಕಾದ್ದು ಹೇಳ್ತೀನಿ, ತಪ್ಪಿದ್ದರೆ ತಡಿ. ಇಂಜಿನ್ ಕೆಳಗಿಳಿಸೋದು. ಕ್ರ್ಯಾಂಕ್ ತೆಗೆದು ನೋಡೋದು, ಗೀರು ಬಿದ್ದಿದ್ದರೆ ಸೇಲಂಗೆ ಗ್ರೈಂಡಿಂಗಿಗೆ ಕಳಿಸೋದು. ಬೇರಿಂಗ್ ಅಂತೂ ಎಲ್ಲ ಹೊಸದು, ಅದರಲ್ಲಿ ಮಾತೇ ಇಲ್ಲ. ಪಿಸ್ಟನ್, ಲೈನರ್ ಭಾಯಿ ನೋಡಿ ಹೇಳಲಿ. ಆಯಿಲ್ ಪಂಪು ಬಿಚ್ಚಿ ತೊಳೆಸೋದು. ಸೀಲು, ಗ್ಯಾಸ್ಕೆಟ್ ಒಂದನ್ನೂ ಹಳೇದು ಬಿಡಬಾರದು. ಸರಿಯಾ?

ಸರಿಯಾ ಅಂತ ಕೇಳಿದೆ.

...ಅಯ್ಯೋ, ಗೊತ್ತಪ್ಪಾ ನನಗೂ! ನೀನು ಏನು ಯೋಚಿಸ್ತಿದ್ದೀಯ ಅಂತ ಗೊತ್ತು. ಒಂದು ಸೀಲು ಹೋದರೆ ಸೀಲಿನ ತಪ್ಪು. ಮೇಲೆ ಕೆಳಗೆ ಹಿಂದೆ ಮುಂದೆ ಎಲ್ಲ ಒಂದೇ ಪ್ರಯಾಣದಲ್ಲಿ ಹೋದರೆ... ನಾನು ಸೇಲಂ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು, ಒತ್ತಡ ಅಂದರೇನು ಅಂತ ಡ್ರೈವರ್ ಹತ್ತಿರ ಕಲಿಯಬೇಕಾಗಿಲ್ಲ. ಆದರೆ ಸೀಲು ಹಳೇದಾಗಿರಲಿಲ್ಲವಾ? ಹಳೇದೇ. ಬಿಸಿಲು, ಘಾಟಿ ರಸ್ತೆ, ಹಿಂದೆ ಸಬ್ಬಕ್ಕಿ ಮೂಟೆ ತುಂಬಿದ ಲೋಡು. ಇಂಥದ್ದರಲ್ಲಿ ಎಲ್ಲ ಒಟ್ಟಿಗೆ ಹೋಗಬಾರದು ಅಂತ ಕಾನೂನು ಇದೆಯಾ?

ಅದೇ ಹೇಳೋಣ ಅಂತ ನಾನು. ಇದು ಯಾರ ತಪ್ಪೂ ಅಲ್ಲ, ಹಳೇ ಇಂಜಿನ್ನು, ಹಳೇ ಸೀಲು. ಭಾಯಿಗೂ ಮುಖ ನೋಡಿ ಮಾತಾಡೋದು ಗೊತ್ತಿದೆ, ಹೂಂ ಅಂತಾರೆ. ಆಗ ನಿನ್ನ ಮೇಲಿನ ಮೊದಲನೇ ಮಾತು, ಆಯಿಲ್ ನೋಡದೆ ಓಡಿಸಿದ ಅನ್ನೋದು, ಬಿದ್ದುಹೋಗುತ್ತೆ. ಉಳಿಯೋದು ಎರಡನೇದು. ಸೋರ್ತಿದೆ ಅಂತ ಗೊತ್ತಾದ ಮೇಲೂ ಒಡತಿಗೆ ಒಂದು ಫೋನು ಮಾಡಲಿಲ್ಲ ಅನ್ನೋದು. ಅದಕ್ಕೂ ದಾರಿ ಹುಡುಕಿದ್ದೀನಿ. ನಿರ್ಮಲ್ ಘಾಟಿಯಲ್ಲಿ ಸಿಗ್ನಲ್ ಸಿಗಲಿಲ್ಲ ಅಂತ ಹೇಳು. ಅಷ್ಟೇ! ಕಾಡು, ಗುಡ್ಡ, ಯಾರು ಹೋಗಿ ನೋಡ್ತಾರೆ? "ಮಾಡೋಕೆ ಹೊರಟೆ ಅಣ್ಣಾ, ಲೈನ್ ಸಿಗಲಿಲ್ಲ" ಅಂದ್ಬಿಡು. ಅಣ್ಣನಿಗೂ ನಿನ್ನ ಮೇಲೇನು ದ್ವೇಷವಾ? ತಲೆ ಆಡಿಸಿ ಎದ್ದು ಹೋಗ್ತಾರೆ. ಕೈ ವಾಸಿಯಾದ ಮೇಲೆ ಇದೇ ಲಾರಿ, ಇದೇ ಸೀಟು. ಸರಿ ತಾನೇ?

...ಯಾಕೆ ಹಾಗೆ ನೋಡ್ತೀಯ?

ಮಾತಾಡೋ, ಪುಣ್ಯಾತ್ಮ. ಬೈಯೋದಾದರೆ ಬೈದುಬಿಡು. ನಿನ್ನ ಬೈಗುಳ ನಾನು ಕೇಳಿಲ್ಲವಾ? ಹೋದ ಸಲ ಕ್ಲಚ್ ಪ್ಲೇಟ್ ಹಾಕಿಸೋದು ತಡ ಮಾಡಿದ್ದಕ್ಕೆ, "ಓದಿದವರ ಮನೆ ಲಾರಿ, ಪುಸ್ತಕ ನೋಡ್ಕೊಂಡು ಓಡುತ್ತೆ ಬಿಡಿ" ಅಂತ ಪಕ್ಕದ ಮನೆಗೆ ಕೇಳೋ ಹಾಗೆ ಅಂದೆ. ನಾನು ಕೋಪ ಮಾಡ್ಕೊಂಡೆನಾ? ಮಾಡ್ಕೊಂಡೆ, ಸರಿ. ಆದರೆ ಮಾರನೇ ದಿನ ಹಾಕಿಸಿದೆ.

ಅಲ್ಲಿ ಎಲ್ಲಿಗೆ ಬಗ್ತಿದ್ದೀಯ? ಕೈ ನೋವು ಇಟ್ಕೊಂಡು... ಆ ಕಡೆ ಏನಿಲ್ಲ ಸೆಂಗೋಡಾ. ಆ ಕಡೆ ನಾನು ನೋಡಿ ಆಯ್ತು. ಅದು ಬ್ರೀದರ್ ಪೈಪು, ಅದಕ್ಕೂ ಸೋರೋದಕ್ಕೂ ಏನು... ಬಿಡು ಅಂದೆನಲ್ಲ. ಎಡಗೈಯಲ್ಲಿ ಯಾಕೆ ಎಳೀತೀಯ? ಬಿಡು. ಸೆಂಗೋಡಾ. ಬಿಡೋ!

...

ಬನಿಯನ್ ವೇಸ್ಟ್ ಇರಬೇಕು, ಚಿಂದಿ ಬಟ್ಟೆ. ವರ್ಕ್‌ಶಾಪಿನಲ್ಲಿ ಕೈ ಒರೆಸಿ ಯಾರೋ ತುರುಕಿ ಮರೆತಿರಬೇಕು. ಮೊನ್ನೆ ಆಯಿಲ್ ಬದಲಾಯಿಸಿದರಲ್ಲ, ಆ ಕಡೆ ಅಂಗಡಿಯವರು, ಅವರು ಅಂಥವರೇ...

ಬಿಡಿಸಬೇಡ ಅದನ್ನ.

ಬಿಡಿಸಬೇಡ ಅಂದೆ. ಕಾಣ್ತಿದೆ. ಅಂಚು ಕಾಣ್ತಿದೆ ನನಗೂ. ಸಾಸಿವೆ ಬಣ್ಣದ ಅಂಚು. ನನ್ನ ಹಳೇ ಸೀರೇದೇ. ಪೂಜೆ ಸಾಮಾನು ಒರೆಸೋಕೆ ಹರಿದಿಟ್ಟಿದ್ದು. ಸಾಕಾ?

ನಾನೇ ಕಣೋ. ನಾನೇ ತುರುಕಿದ್ದು.

ಕೂತ್ಕೋತೀನಿ, ಇರು. ...ನೀನು ಕೂರಲಿಲ್ಲ, ಸ್ಟೂಲು ನನಗಾದರೂ ಆಯ್ತು.

ಆಯುಧ ಪೂಜೆ ದಿನ ನೀನಿರಲಿಲ್ಲ. ಲಾರಿ ತೊಳೆದು ಮನೆ ಮುಂದೆ ತಂದು ನಿಲ್ಲಿಸಿ, ಸಂಜೆ ಬರ್ತೀನಿ ಅಂತ ನಿನ್ನ ಹಟ್ಟಿಗೆ ಹೋಗಿದ್ದೆ. ನಾನು ಹೊಸ ಕಲ್ಲು ಹಾಸಿದ ಅಂಗಳದ ತುಂಬ ದೊಡ್ಡ ರಂಗೋಲಿ ಬಿಟ್ಟಿದ್ದೆ. ಸಂಘದ ಕಮಿಟಿಗೆ ನನ್ನ ಆರಿಸಿದ ಮೇಲೆ ಅವರೆಲ್ಲ ಮೊದಲನೇ ಸಲ ನನ್ನ ಮನೆಗೆ ಪೂಜೆಗೆ ಬಂದಿದ್ದರು. ಅಷ್ಟೂ ಜನ ಗಂಡಸರು, ಬಿಳಿ ಪಂಚೆ, ಬಿಳಿ ಶರಟು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೀನಿ, ಬ್ರೀದರಿನಿಂದ ತೊಟ್... ತೊಟ್... ಕರೀ ಆಯಿಲ್ಲು, ರಂಗೋಲಿಯ ನಟ್ಟ ನಡುವೆ. ಒಬ್ಬ ಅಂದ, ಯಾರು ಅಂತ ಹೇಳಲ್ಲ, "ಅಮ್ಮನ ಲಾರಿಗೆ ನೆಗಡಿಯಾಗಿದೆ, ಮೂಗು ಸೋರ್ತಿದೆ, ಒರೆಸಿ" ಅಂತ. ಎಲ್ಲ ನಕ್ಕರು. ಕೊಳಂದೈಸಾಮಿ ಅಣ್ಣನೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಅವರು ಒಳಗೆ ಪುರಿ ಕಡಲೆ ತಿಂತಾ ಕೂತಾಗ ನಾನು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬಟ್ಟೆ ತುರುಕಿದೆ. ಒಂದು ಕೋಲಿನ ತುದಿಯಲ್ಲಿ ಗಟ್ಟಿಯಾಗಿ ಒತ್ತಿದೆ, ಬೀಳಬಾರದು ಅಂತ. ಅವರು ಹೋಗೋವರೆಗೆ ಅಷ್ಟೇ, ಆಮೇಲೆ ತೆಗೆಯೋದು ಅಂತ. ಅವರು ಹೋಗೋ ಹೊತ್ತಿಗೆ ನೀನು ಬಂದೆ, ನಿಂಬೆಹಣ್ಣು ಚಕ್ರದ ಕೆಳಗಿಟ್ಟೆ, ಹತ್ತಿಸಿ ಹೊರಟೆ. ನನಗೆ ನೆನಪೇ ಇರಲಿಲ್ಲ. ಸತ್ಯವಾಗಿ ಇರಲಿಲ್ಲ. ಅಂಗಳ ತೊಳೀತಾ ನಿಂತಿದ್ದೆ.

ಅದು ಇಂಜಿನ್ನು ಉಸಿರು ಬಿಡೋ ಪೈಪು, ಅಮ್ಮಾ, ಎರಡು ತೊಟ್ಟು ಬಿದ್ದರೆ ಬೀಳಲಿ ಅಂತ ಎಷ್ಟು ಸಲ ಹೇಳಿದ್ದೆ ನೀನು. ಭೌತಶಾಸ್ತ್ರ ಓದಿದವಳಿಗೆ ಒಳಗಿನ ಗಾಳಿ ಹೊರಗೆ ಹೋಗದೆ ಇದ್ದರೆ ಒತ್ತಡ ಏರಿ ಸೀಲು ಒಡೆಯುತ್ತೆ ಅಂತ ಗೊತ್ತಾಗಬೇಡವಾ? ಆ ಹೊತ್ತಿಗೆ ಹೊಳೀಲಿಲ್ಲ. ಆ ಹೊತ್ತಿಗೆ ಕಂಡಿದ್ದು ಆ ನಗು ಒಂದೇ.

...ನೀನು ನೇರ ಅಲ್ಲಿಗೇ ಕೈ ಹಾಕಿದೆ.

ಬೇರೆ ಎಲ್ಲೂ ನೋಡಲಿಲ್ಲ. ನೇರ ಅಲ್ಲಿಗೇ. ಅಂದರೆ ನಿನಗೆ ಗೊತ್ತಿತ್ತು. ನೀನು ಘಾಟಿಯಲ್ಲೇ ನೋಡಿದ್ದೆ. ಇಂಜಿನ್ ಜಾಮ್ ಆಗಿ, ಲಾರಿ ಹಿಂದಕ್ಕೆ ಜಾರಿ, ಸ್ಟೀರಿಂಗ್ ಒದ್ದು ಕೈ ಮುರಿದು, ಹೇಗೋ ಗುಡ್ಡಕ್ಕೆ ತಾಗಿಸಿ ನಿಲ್ಲಿಸಿದ ಮೇಲೆ ಕೆಳಗಿಳಿದು ನೋಡಿದ್ದೀಯ. ಈ ಬಟ್ಟೆ ಎಳೆದು, ಈ ಅಂಚು ನೋಡಿ, ಯಾರದ್ದು ಅಂತ ಗೊತ್ತಾಗಿ, ಮತ್ತೆ ಅಲ್ಲಿಗೇ ತುರುಕಿದ್ದೀಯ.

ಯಾಕೆ?

ನಾನೇ ಬಂದು ತೆಗೀಲಿ ಅಂತಾನಾ? ಲಾರಿ ಎಳೆದು ತಂದ ದಿನದಿಂದ ಇಲ್ಲೇ ನಿಂತಿದೆ. ಬೀಗದಕೈ ನನ್ನ ಸೊಂಟದಲ್ಲೇ ಇದೆ. ಬೆಳಿಗ್ಗೆ ಪುಸ್ತಕ ಹಿಡ್ಕೊಂಡು ಸುತ್ತ ಸುತ್ತಿದೆ, ಎಲ್ಲ ಸೋರಿಕೆ ಬರ್ಕೊಂಡೆ. ಆ ಪೈಪಿನ ಹತ್ತಿರ ಬಗ್ಗೋಕೆ ಆಗಲಿಲ್ಲ. ಮುಟ್ಟಿದರೆ ನಿಜವಾಗುತ್ತೆ ಅನ್ನೋ ಹಾಗೆ. ಭಾಯಿ ಕೈಗೆ ಸಿಗದೇ ಇರಬಹುದು ಅಂತ... ಎಂಥ ಮೂರ್ಖತನ! ಅವರು ಮೊದಲು ನೋಡೋದೇ ಅದನ್ನ.

ಸರಿ. ಆಯ್ತು. ಹೇಳ್ಬಿಡ್ತೀನಿ. ಬರಲಿ ಅವರು. ಬಟ್ಟೆ ನನ್ನದು, ಗೊತ್ತಿಲ್ಲದೆ ತುರುಕಿದೆ, ಮರೆತೆ ಅಂತ ಹೇಳ್ತೀನಿ. ನಗಲಿ. ವರ್ಷವೆಲ್ಲ ನಗಲಿ, ಟೀ ಅಂಗಡೀಲಿ ನಗಲಿ, ಸೀರೆ ಅಮ್ಮ ಅಂತ ಹೆಸರಿಡಲಿ. ಆಯ್ತಲ್ಲ? ಅದು ತಿಳೀದೆ ಮಾಡಿದ ತಪ್ಪು, ತಿಳೀದೆ ಮಾಡಿದ್ದಕ್ಕೆ ಯಾರೂ ಗಲ್ಲಿಗೆ ಹಾಕಲ್ಲ. ಹೋಗು, ಮುಖ ತೊಳ್ಕೊಂಡು ಬಾ. ಮಜ್ಜಿಗೆ ಕುಡಿ. ಮುಗೀತು.

...

ಮುಗೀತು ಅಂದೆನಲ್ಲ ಸೆಂಗೋಡಾ.

ಇನ್ನೂ ಯಾಕೆ ನಿಂತಿದ್ದೀಯ? ಬಟ್ಟೆ ವಿಷಯ ಹೇಳ್ತೀನಿ ಅಂದೆ. ಕೈಗೆ ಆದ ಖರ್ಚೆಲ್ಲ ನನ್ನದು. ರಾಸಾತಿಗೆ ನಾನೇ ಬಂದು ಹೇಳ್ತೀನಿ. ಬೇರೇನು ಬೇಕು? ಕ್ಷಮಿಸು ಅನ್ನಬೇಕಾ? ಅಂದೆ ಅಂದ್ಕೊ. ನಿನಗಿಂತ ದೊಡ್ಡವಳು, ಕಾಲು ಮುಟ್ಟೋಕಾಗಲ್ಲ.

ನೋಡಬೇಡ ಹಾಗೆ. ಬೈ. ಕೂಗು. ಆ ದಿನ ಸಂಘದ ವಿಚಾರಣೆಯಲ್ಲೂ ಹೀಗೇ ನೋಡಿದೆ ನೀನು. ಎಲ್ಲ ಕುರ್ಚಿ ಮೇಲೆ ಕೂತಿದ್ದರು, ನೀನು ಕೈ ಕಟ್ಟು ಹಾಕ್ಕೊಂಡು ನಡುವೆ ನಿಂತಿದ್ದೆ. ಅಣ್ಣ ನನ್ನ ಕೇಳಿದರು, "ಏನಮ್ಮಾ, ಇವನು ನಿನಗೆ ತಿಳಿಸಿದನಾ?" ಅಂತ. ನಾನು "ಇಲ್ಲ" ಅಂದೆ. ನೀನು ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದೆ. ಎಲ್ಲರೂ ಅಂದ್ಕೊಂಡರು, ತಪ್ಪಿತಸ್ಥ, ಅದಕ್ಕೇ ತಲೆ ತಗ್ಗಿಸಿದ ಅಂತ. ನನಗೆ ಗೊತ್ತಿತ್ತು. ನೀನು ತಗ್ಗಿಸಿದ್ದು ನನಗೆ ನಾಚಿಕೆಯಾಗಬಾರದು ಅಂತ. ನಿನ್ನ ಶರಟಿನ ಜೇಬಿನಲ್ಲೇ ಫೋನಿತ್ತು. ತೆಗೆದು ತೋರಿಸಿದ್ದರೆ ಆಗಿತ್ತು. ಯಾರಿಗೆ ಮಾಡಿದ್ದೆ, ಯಾವಾಗ ಮಾಡಿದ್ದೆ, ಎಲ್ಲ ಅದರಲ್ಲೇ ಇತ್ತು. ಯಾಕೆ ತೆಗೀಲಿಲ್ಲ? ಯಾಕೆ ತೆಗೀಲಿಲ್ಲವೋ!

ನಾನು ಕಮಿಟಿ ಮೀಟಿಂಗಲ್ಲಿದ್ದೆ ಕಣೋ, ನೀನು ಫೋನ್ ಮಾಡಿದಾಗ. ಅದೇ ಜನ. ಮೇಜಿನ ಸುತ್ತ. ನಿನ್ನ ಧ್ವನಿಯಲ್ಲಿ ಗಾಬರಿ ಇತ್ತು. "ಅಮ್ಮಾ, ಕಡ್ಡಿ ಎಗರಿ ಬಂದಿದೆ, ಎಲ್ಲ ಕಡೆ ಆಯಿಲ್ ಬುಗ್ಗೆಯಾಗಿ ಬರ್ತಿದೆ. ಪೂಜೆ ದಿನ ಯಾರಾದರೂ ಇಂಜಿನ್ ಮುಟ್ಟಿದರಾ? ಬ್ರೀದರ್ ಏನಾದರೂ ಮುಟ್ಟಿದರಾ?" ಅಂತ ಬಿಡಿಸಿ ಕೇಳಿದೆ.

ಆಗ ನೆನಪಾಯ್ತು. ನೀನು ಬ್ರೀದರ್ ಅಂದ ಕ್ಷಣಕ್ಕೇ ನೆನಪಾಯ್ತು. ಎಲ್ಲ ನನ್ನ ಬಾಯನ್ನೇ ನೋಡ್ತಿದ್ದರು. "ಹೌದು, ಬಟ್ಟೆ ಇದೆ, ತೆಗೆದುಬಿಡು" ಅಂತ ಹೇಳಬೇಕಿತ್ತು. ಅಷ್ಟೇ ಮಾತು. ನೀನು ಬಗ್ಗಿ ಎಳೆದು ಬಿಸಾಕಿ, ಆಯಿಲ್ ತುಂಬಿಕೊಂಡು ನಿಧಾನಕ್ಕೆ ಹತ್ತಿಸ್ಕೊಂಡು ಹೋಗ್ತಿದ್ದೆ. ಲಾರಿ ಉಳೀತಿತ್ತು. ಕೈ ಉಳೀತಿತ್ತು. ನಾನು "ಯಾರೂ ಮುಟ್ಟಿಲ್ಲ, ಆಯಿಲ್ ಹಾಕ್ಕೊಂಡು ಓಡಿಸು" ಅಂತ ಗಟ್ಟಿಯಾಗಿ ಹೇಳಿ ಕಟ್ ಮಾಡಿದೆ. ಗಟ್ಟಿಯಾಗಿ ಯಾಕೆ ಗೊತ್ತಾ? ಅವರಿಗೆ ಕೇಳಲಿ ಅಂತ. ಲಾರಿ ನಡೆಸೋದು ಹೇಗೆ ಅಂತ ಅವರು ನೋಡಲಿ ಅಂತ. ಒಬ್ಬರು "ಏನು ವಿಷಯ?" ಅಂದರು. ಏನಿಲ್ಲ, ಇನ್ನೊಂದು ಲಾರಿಯವನು ಅಂದೆ.

ನೀನು ನನ್ನ ಮಾತು ನಂಬಿದೆ. ಅದಕ್ಕೇ ಬಗ್ಗಿ ನೋಡಲಿಲ್ಲ. ಅಮ್ಮ ಯಾರೂ ಮುಟ್ಟಿಲ್ಲ ಅಂದರೆ ಯಾರೂ ಮುಟ್ಟಿಲ್ಲ. ಘಾಟಿ ಹತ್ತಿಸಿದೆ.

...ಹಾರನ್. ಅಣ್ಣನ ಜೀಪು. ಗೇಟು ತೆಗೀತಿದ್ದಾರೆ.

ನೀನು ಹೇಳ್ತೀಯಾ?

ಇಲ್ಲ. ನೀನು ಹೇಳಲ್ಲ. ನಾನು ಸಿಗ್ನಲ್ ಸಿಗಲಿಲ್ಲ ಅಂದರೂ ನೀನು ಹೀಗೇ ತಲೆ ತಗ್ಗಿಸಿ ನಿಂತಿರ್ತೀಯ, ಬಟ್ಟೆ ಒಂದನ್ನೇ ಹೇಳಿದರೂ ಹೀಗೇ ನಿಂತಿರ್ತೀಯ. ನನ್ನ ಮರ್ಯಾದೆ ಕಾಯ್ತಿದ್ದೀಯ ನೀನು, ಹಾಳಾದವನೇ, ಮುರಿದ ಕೈಯಲ್ಲಿ.

ಸೆರಗು ಸರಿಯಾಗಿದೆಯಾ? ಇರು, ಏಳ್ತೀನಿ. ಕೈ ಕೊಡಬೇಡ, ನಾನೇ ಏಳ್ತೀನಿ.

ಬನ್ನಿ ಅಣ್ಣಾ, ಬನ್ನಿ ಭಾಯಿ. ಪೆಟ್ಟಿಗೆ ಕೆಳಗಿಡಿ. ಇಂಜಿನ್ ಆಮೇಲೆ ಬಿಚ್ಚೋರಂತೆ. ಅಣ್ಣಾ, ನೀವು ಕೂತ್ಕೊಳ್ಳೋದು ಬೇಡ, ನಿಂತೇ ಕೇಳಿ, ಕೂತರೆ ನನ್ನ ಬಾಯಿಂದ ಬರಲ್ಲ. ಸೆಂಗೋಡ ನನಗೆ ಫೋನ್ ಮಾಡಿದ್ದ.